ಭಾನುವಾರದ ಮುಖ

ಜೂನ್ ೧೨

ಅತ್ತಿಗೆ,

ಅಂಗಡಿಯ ಫೋನಿಗೆ ಕರೆ ಮಾಡೋಣವೆಂದು ಹೊರಟೆ. ನೀವು ಯಾರದೋ ಮೂಗಿನ ಮೇಲೆ ಕನ್ನಡಕದ ಫ್ರೇಮು ಕೂರಿಸುತ್ತಾ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು, "ಹೂಂ ಹೇಳು ಪುಟ್ಟೂ, ಬೇಗ ಹೇಳು" ಎನ್ನುವುದು ಮೊದಲೇ ಕೇಳಿಸಿಬಿಟ್ಟಿತು. ಬೇಗ ಹೇಳಿ ಮುಗಿಸುವ ವಿಷಯವಲ್ಲ ಇದು. ಅದಕ್ಕೇ ಕಾಗದ.

ನಾನೀಗ ಒಂದು ಉರ್ದು ಚಿತ್ರಕ್ಕೆ ಮೇಕಪ್ ಮಾಡುತ್ತಿದ್ದೇನೆ. ಹಳೆಯ ಬಂಗಾಳಿ ಕಾದಂಬರಿಯ ಕಥೆ. ಆ ಭಾಷೆಯವರು ಅಜ್ಜಿಯ ಕಾಲದಿಂದ ಅತ್ತುಕೊಂಡು ಓದಿದ ಪುಸ್ತಕವಂತೆ. ಪ್ರೀತಿಸಿದವಳನ್ನು ಮನೆಯವರ ಮಾತಿಗಾಗಿ ಬಿಟ್ಟುಕೊಟ್ಟ ಒಬ್ಬ, ಬೇರೆಯವಳನ್ನು ಮದುವೆಯಾಗಿ, ವರ್ಷಗಟ್ಟಲೆ ಕುಡಿದು ಕರಗಿಹೋಗುತ್ತಾನೆ. ಕೊನೆಗೊಮ್ಮೆ ಅವಳನ್ನು ನೋಡಬೇಕೆಂದು ದೋಣಿ ಹತ್ತುತ್ತಾನೆ. ದೋಣಿ ದಡ ಮುಟ್ಟುವಷ್ಟರಲ್ಲಿ ಜೀವ ಇರುವುದಿಲ್ಲ. ಅವಳು ದಡದಲ್ಲಿ ಕಾಯುತ್ತಲೇ ಇರುತ್ತಾಳೆ.

ನಮ್ಮ ನಿರ್ದೇಶಕರು ಪ್ರತಿ ದೃಶ್ಯಕ್ಕೂ ಮೊದಲು ಆ ಪುಸ್ತಕದಿಂದ ಒಂದು ಪುಟ ಬಂಗಾಳಿಯಲ್ಲೇ ಗಟ್ಟಿಯಾಗಿ ಓದುತ್ತಾರೆ. ಯಾರಿಗೂ ಒಂದಕ್ಷರ ತಿಳಿಯುವುದಿಲ್ಲ. ಎಲ್ಲರೂ ತಲೆ ತಗ್ಗಿಸಿ ಕೇಳುತ್ತೇವೆ. ಆಮೇಲೆ ಸಂಭಾಷಣೆ ಬರೆಯುವ ಮುದುಕರು ಅದನ್ನೇ ಉರ್ದುವಿನಲ್ಲಿ ಹೇಳಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ.

ನಾಯಕನಾಗಿರುವವನು ಇನ್ನೂ ಹುಡುಗ. ತುಂಬಿದ ಕೆನ್ನೆ, ಹೊಳೆಯುವ ಚರ್ಮ. "ಇವನನ್ನು ಸಾಯುವವನ ಹಾಗೆ ಮಾಡಿ" ಎಂದರು ನಿರ್ದೇಶಕರು. ನಾನು ಕೂರಿಸಿಕೊಂಡೆ. ಕೆನ್ನೆಯ ಕೆಳಗೆ ಕಂದು ಹಚ್ಚಿ ತಗ್ಗು ಮಾಡಿದೆ, ಕಣ್ಣಿನ ಸುತ್ತ ಬೂದು ಬಳಿದೆ, ಹಣೆಯ ಎರಡು ಬದಿ ಒಳಕ್ಕೆ ತಂದೆ. ಮನಸ್ಸು ಎಲ್ಲೋ ಇತ್ತು. ಕೈ ತಾನಾಗಿ ಹೋಗುತ್ತಿತ್ತು. ಮುಗಿಯಿತು ಎಂದಾಗ ಹುಡುಗ ಕಣ್ಣು ತೆರೆದ.

ಕನ್ನಡಿಯಲ್ಲಿ ಅಣ್ಣ ಕೂತಿದ್ದ.

ಪ್ರತಿ ಭಾನುವಾರ ಬಂದು ಅವನ ಗಡ್ಡ ತೆಗೆಯುತ್ತಿದ್ದೆನಲ್ಲ, ಆ ಮುಖ ಬೆರಳುಗಳಿಗೆ ಬಾಯಿಪಾಠವಾಗಿದೆ. ಅವನು ಹೋದಮೇಲೆ ಒಂಬತ್ತು ವರ್ಷ ಸುಮ್ಮನಿದ್ದು ಈಗ ಒಪ್ಪಿಸಿಬಿಟ್ಟಿತು.

ನಿರ್ದೇಶಕರು ಕುಣಿದಾಡುತ್ತಿದ್ದಾರೆ, ಇದೇ ಬೇಕು ಎನ್ನುತ್ತಾರೆ. ನಿಮಗೆ ಬೇಡವಾದರೆ ಒಂದು ಮಾತು ಬರೆಯಿರಿ. ಬದಲಾಯಿಸಲು ಇನ್ನೂ ಸಮಯವಿದೆ.

ಗುಬ್ಬಿ ಹೇಗಿದ್ದಾಳೆ? ಈ ಚಿಕ್ಕಪ್ಪನ ನೆನಪಿದೆಯಾ ಅವಳಿಗೆ?

ನಿಮ್ಮ ಮೈದುನ,
ಪುಟ್ಟು

*

ಜೂನ್ ೨೫

ಪುಟ್ಟು,

ನಿನ್ನ ಕಾಗದ ಸಿಕ್ಕಿತು. ಅಂಗಡಿಯ ಯಜಮಾನರು ಕನ್ನಡಕದ ಗಾಜು ಉಜ್ಜಲು ಹೊಸ ಯಂತ್ರ ತಂದಿದ್ದಾರೆ. ಅದರ ಕಿರುಚಾಟಕ್ಕೆ ಸಂಜೆಯವರೆಗೂ ತಲೆ ಗುಂಯ್ ಎನ್ನುತ್ತದೆ. ಗುಬ್ಬಿ ಕಾಲೇಜಿನಲ್ಲಿ ಎರಡನೆಯ ಭಾಷೆಯೆಂದು ಉರ್ದು ತೆಗೆದುಕೊಂಡಿದ್ದಾಳೆ. ಯಾಕೆಂದು ಕೇಳಿದರೆ "ಕೇಳೋಕೆ ಚೆನ್ನಾಗಿರುತ್ತೆ" ಎಂದಳು. ಹತ್ತೊಂಬತ್ತರ ವಯಸ್ಸಿಗೆ ಅಷ್ಟು ಕಾರಣ ಸಾಕು. ಮನೆಯ ಗೋಡೆಗೆ ಸುಣ್ಣ ಹೊಡೆಸಿದೆ.

ಮುಖದ ವಿಷಯ. ಅದು ನಿನ್ನ ಅಣ್ಣನ ಮುಖ, ನಿನ್ನ ಕೈಯ ಕೆಲಸ. ನಡುವೆ ನನ್ನನ್ನೇಕೆ ಕೇಳುತ್ತೀಯ? ನಾನು ಬೇಡ ಎಂದರೆ ನಿನ್ನ ಬೆರಳು ಮರೆಯುತ್ತದೆಯೇ?

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅತ್ತಿಗೆ

*

ಜುಲೈ ೩೦

ಅತ್ತಿಗೆ,

ನೀವು ಬೇಡ ಎನ್ನಲಿಲ್ಲ, ಸರಿ ಎಂದೂ ಅನ್ನಲಿಲ್ಲ. ನನಗೆ ಅನುಕೂಲವಾದ ಹಾಗೆ ಓದಿಕೊಂಡೆ.

ದೋಣಿಯ ದೃಶ್ಯ ಮುಗಿಯಿತು. ಸ್ಟುಡಿಯೋ ಒಳಗೇ ದೊಡ್ಡ ತೊಟ್ಟಿ ಕಟ್ಟಿ ನೀರು ತುಂಬಿಸಿದ್ದರು; ನಾಲ್ಕು ಜನ ಸೊಂಟದವರೆಗೆ ನೀರಿನಲ್ಲಿ ನಿಂತು ದೋಣಿ ಅಲ್ಲಾಡಿಸುತ್ತಿದ್ದರು. ಅದರ ಮೊದಲು ಹುಡುಗ ನನ್ನನ್ನು ಕೇಳಿದ: "ಈ ಮುಖ ಯಾರದು? ನೀವು ಕಲ್ಪನೆ ಮಾಡಿದ್ದಲ್ಲ ಇದು." ನಮ್ಮಣ್ಣನದು ಎಂದೆ. "ಅವರ ಕೈ ಏನು ಮಾಡ್ತಿತ್ತು?" ಎಂದ. ಎಂಥ ಪ್ರಶ್ನೆ ನೋಡಿ. ಅಣ್ಣ ಮಲಗಿದ್ದಲ್ಲೇ ಹಾಸಿಗೆಯ ಬಟ್ಟೆಯ ಅಂಚನ್ನು ಮೆಲ್ಲಗೆ ಸವರುತ್ತಿದ್ದನಲ್ಲ, ಸುಕ್ಕು ತೆಗೆಯುವವನ ಹಾಗೆ, ಅದನ್ನು ಹೇಳಿದೆ. ಹುಡುಗ ಹಾಗೆಯೇ ಮಾಡಿದ. ದೋಣಿಯಲ್ಲಿ ಹೊದ್ದ ಶಾಲಿನ ಅಂಚನ್ನು ಸವರುತ್ತಾ ಸವರುತ್ತಾ ಕೈ ನಿಂತುಹೋಗುತ್ತದೆ. ನಿರ್ದೇಶಕರು ಸಾಕು ಎನ್ನುವುದನ್ನೇ ಮರೆತರು. ನೀರಿನಲ್ಲಿದ್ದವರು ದೋಣಿ ಅಲ್ಲಾಡಿಸುತ್ತಲೇ ಇದ್ದರು.

ಬಂಗಾಳಿಯಲ್ಲಿ ಹುಟ್ಟಿದವನು ಉರ್ದುವಿನಲ್ಲಿ ಸತ್ತ, ಅತ್ತಿಗೆ. ಮುಖ ಮಾತ್ರ ನಮ್ಮ ಮನೆಯದು.

ಒಂದು ವಿಷಯ ಹೇಳಬೇಕು. ದಿನಾ ಬೆಳಿಗ್ಗೆ ಅಣ್ಣನನ್ನು ಕರೆತಂದು ಕುರ್ಚಿಯಲ್ಲಿ ಕೂರಿಸುತ್ತೇನೆ. ಸಂಜೆ ಹತ್ತಿಗೆ ಕ್ರೀಮು ಹಚ್ಚಿ ಒರೆಸಿಹಾಕುತ್ತೇನೆ. ಮೊದಲು ಹೋಗುವುದು ತುಟಿ, ಕೊನೆಗೆ ಕಣ್ಣು. ಒರೆಸುವಾಗ ಅವನು "ಇರು, ಇರು" ಎಂದಂತಾಗುತ್ತದೆ. ನಿನ್ನೆ ಹುಡುಗ, "ಯಾಕೆ ನಿಲ್ಲಿಸಿದ್ರಿ?" ಎಂದು ಕೇಳಿದ. ಏನಿಲ್ಲ, ಕಣ್ಣಿಗೆ ಕ್ರೀಮು ಹೋಗತ್ತೆ ಎಂದೆ.

ಪುಟ್ಟು

*

ನವೆಂಬರ್ ೪

ಅತ್ತಿಗೆ,

ಮೂರು ತಿಂಗಳಾಯಿತು, ನಿಮ್ಮಿಂದ ಒಂದು ಗೆರೆಯೂ ಇಲ್ಲ. ಅಂಗಡಿಗೆ ಫೋನು ಮಾಡಿದರೆ ಯಜಮಾನರು "ಒಳಗಿದ್ದಾರೆ" ಎನ್ನುತ್ತಾರೆ, ನೀವು ಹೊರಗೆ ಬರುವುದಿಲ್ಲ.

ಚಿತ್ರ ಸಿದ್ಧವಾಗಿದೆ. ಬಿಡುಗಡೆಯ ಪಟ್ಟಿ ನೋಡಿದೆ. ನಿಮ್ಮ ಅಂಗಡಿಯ ಎದುರಿನ ಚಿತ್ರಮಂದಿರಕ್ಕೂ ಬರುತ್ತದೆ. ನೀವು ತಿಳಿಯದೆ ತಲೆಯೆತ್ತಿ ನೋಡುವುದು ಬೇಡವೆಂದು ಬರೆದೆ.

ಪುಟ್ಟು

*

ಜನವರಿ ೧೯

ಪ್ರೀತಿಯ ಚಿಕ್ಕಪ್ಪಾ,

ನಿಮ್ಮ ಚಿತ್ರ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಬಾಗಿಲಲ್ಲಿ ಟಿಕೆಟ್ ಹರಿಯುವವರು ನನ್ನನ್ನು ನೋಡಿ "ಇವತ್ತೂನಾ?" ಎನ್ನುತ್ತಾರೆ.

ಮೊದಲ ದಿನ ಗೆಳತಿಯರ ಜೊತೆ ಹೋಗಿದ್ದೆ. ನನಗೇನೂ ಗೊತ್ತಿರಲಿಲ್ಲ. ಅಮ್ಮ ಹೇಳಿರಲಿಲ್ಲ, ನೀವೂ ಹೇಳಿರಲಿಲ್ಲ. ಇಂಟರ್‌ವಲ್ ಆದಮೇಲೆ ಅವನು ಹಾಸಿಗೆಯಲ್ಲಿ ಮುಖ ತಿರುಗಿಸುತ್ತಾನಲ್ಲ, ಅಪ್ಪನೇ ಎಂದು ನಾನು ಎದ್ದು ನಿಂತುಬಿಟ್ಟೆ. ಹಿಂದಿನವರು ಬೈದು ಕೂರಿಸಿದರು. ಅಪ್ಪನ ಫೋಟೋ ನಮ್ಮ ಮನೆಯಲ್ಲಿ ಇರುವುದು ಒಂದೇ, ಅದರಲ್ಲೂ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಕೊನೆಯ ಆರು ತಿಂಗಳು ನನ್ನನ್ನು ದೊಡ್ಡಮ್ಮನ ಮನೆಗೆ ಕಳಿಸಿದ್ದರು. ವಾಪಸು ಕರೆತಂದಾಗ ಅಪ್ಪ ಇರಲಿಲ್ಲ. ಅಮ್ಮ ಹಿತ್ತಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಅಳುತ್ತಿರಲಿಲ್ಲ.

ಈಗ ಕೇಳುತ್ತೇನೆ, ನೀವು ಸುಳ್ಳು ಹೇಳಬಾರದು. ಅವಳು ಯಾರು? ಅಪ್ಪನಿಗೂ ಒಬ್ಬಳು ಇದ್ದಿರಬೇಕು. ಸುಮ್ಮಸುಮ್ಮನೆ ಯಾರಾದರೂ ಹಾಗೆ ಕುಡಿದು ಸಾಯುತ್ತಾರಾ? ಅಮ್ಮನನ್ನು ಕೇಳಿದೆ. "ನಿಮ್ಮಪ್ಪನಿಗೆ ಲಿವರ್ ಹೋಗಿತ್ತು" ಎಂದಳು, ಡಾಕ್ಟರ ಚೀಟಿ ಓದಿದ ಹಾಗೆ. ಅಷ್ಟೇನಾ ಎಂದರೆ, "ಅಷ್ಟೇ, ಕೈ ತೊಳ್ಕೊಂಡು ಊಟಕ್ಕೆ ಬಾ" ಎಂದಳು.

ನಾನು ಅಮ್ಮನ ಹತ್ತಿರ ಮಾತು ಬಿಟ್ಟಿದ್ದೇನೆ. ಹೂಂ, ಉಹೂಂ, ಅಷ್ಟೇ. ಅವಳ ಮುಖ ನೋಡಿದರೆ ಚಿತ್ರದಲ್ಲಿ ಅವನ ಹೆಂಡತಿ ನೆನಪಾಗುತ್ತಾಳೆ. ಅವನು ಹೊರಗೆ ನೋಡುತ್ತಿರುವಾಗ ಬಂದು ಕಿಟಕಿ ಮುಚ್ಚುತ್ತಾಳಲ್ಲ, ಅವಳು.

ನಿಮ್ಮ ಗುಬ್ಬಿ

*

ಫೆಬ್ರವರಿ ೨

ಅತ್ತಿಗೆ,

ಗುಬ್ಬಿ ಬರೆದಿದ್ದಾಳೆ. ಅವಳ ಕಾಗದವನ್ನೇ ಇದರೊಳಗೆ ಇಟ್ಟಿದ್ದೇನೆ. ಅವಳು ಕೋಪಿಸಿಕೊಂಡರೂ ಪರವಾಗಿಲ್ಲ. ಏನು ಉತ್ತರ ಕೊಡಲಿ? ಕೊಡೋಣವೆಂದು ಕೂತರೆ ನನಗೇ ಗೊತ್ತಿಲ್ಲ. ಕೇಳಬಾರದ ಮಾತು, ಆದರೂ ಕೇಳುತ್ತೇನೆ: ಯಾರಾದರೂ ಇದ್ದರೇ? ಗಡ್ಡ ತೆಗೆಯುವಾಗ ಅಣ್ಣ ಒಂದೊಂದು ಸಲ ಗೋಡೆಯ ಕಡೆ ನೋಡಿ ನಗುತ್ತಿದ್ದ. ಯಾರನ್ನು ನೋಡಿ ಎಂದು ನಾನೂ ಯೋಚಿಸಿದ್ದುಂಟು.

ಪುಟ್ಟು

*

ಫೆಬ್ರವರಿ ೧೬

ಪುಟ್ಟು,

ನೀನೂ ಅದನ್ನೇ ಕೇಳಿದೆ. ಇರಲಿ.

ಚಿತ್ರಮಂದಿರದ ಮೇಲೆ ಅವರ ಮುಖ ಎರಡು ಮಹಡಿಯೆತ್ತರಕ್ಕೆ ಬರೆದು ನಿಲ್ಲಿಸಿದ್ದಾರೆ. ಹೊಸ ಕನ್ನಡಕ ಹಾಕಿಕೊಂಡವರಿಗೆ ದೂರದ್ದು ಕಾಣುತ್ತದೋ ಇಲ್ಲವೋ ನೋಡಲು ಯಜಮಾನರು ಬಾಗಿಲಿಗೆ ಕರೆದು, ಎದುರಿನ ಬೋರ್ಡು ನೋಡಿ ಎನ್ನುತ್ತಾರೆ. ನಿನ್ನೆ ಒಬ್ಬ ಮುದುಕಿ ನೋಡಿ, "ಚೆನ್ನಾಗಿ ಕಾಣ್ತದಮ್ಮ. ಪಾಪ, ಈ ಮನುಷ್ಯಂಗೆ ಮೈ ಸರಿಯಿಲ್ಲ, ನೋಡ್ಕೊಳೋರು ಯಾರೂ ಇಲ್ವೇನೋ" ಎಂದಳು. ನಾನು ಅವಳ ಹಳೆಯ ಕನ್ನಡಕ ಒರೆಸಿ ಡಬ್ಬಿಗೆ ಹಾಕಿಕೊಟ್ಟೆ.

ಇವತ್ತು ಮಧ್ಯಾಹ್ನ ರಜೆ ಹಾಕಿ ಹೋಗಿ ನೋಡಿದೆ. ಉರ್ದು ಅರ್ಧಂಬರ್ಧ ತಿಳಿಯಿತು. ಮುಖಕ್ಕೆ ಭಾಷೆ ಬೇಕಿರಲಿಲ್ಲ.

ನಿನ್ನ ಕೈ ಒಳ್ಳೆಯ ಕೈ, ಪುಟ್ಟು. ಬೈಯುವುದಕ್ಕೆ ಬರೆಯುತ್ತಿಲ್ಲ. ಆದರೆ ನಿನಗೆ ತಿಳಿಯದ ಒಂದು ವಿಷಯ ಇದೆ. ನೀನು ಬರುತ್ತಿದ್ದದ್ದು ಭಾನುವಾರ. ಶನಿವಾರ ಸಂಜೆಯೇ ನಾನು ಶುರು ಮಾಡುತ್ತಿದ್ದೆ. ಬಾಯಿಯ ಮೂಲೆಯಲ್ಲಿ ಒಣಗಿದ ರಕ್ತವನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆಯಬೇಕು. ತುಟಿಗೆ ಬೆಣ್ಣೆ ಹಚ್ಚಬೇಕು. ತುರಿಸಿ ತುರಿಸಿ ಗೀರಿಕೊಂಡ ಕೈಗಳಿಗೆ ತುಂಬು ತೋಳಿನ ಅಂಗಿ. ಊದಿದ ಹೊಟ್ಟೆ ಕಾಣದಂತೆ ಎರಡು ದಿಂಬು ಮುಂದಿಟ್ಟು ಮೇಲೆ ಹೊದಿಕೆ. ಕಣ್ಣಿನ ಹಳದಿ ಕಾಣದಂತೆ ಆ ಬದಿಯ ಪರದೆ ಎಳೆಯುತ್ತಿದ್ದೆ. ನಿಮ್ಮಣ್ಣನೇ ಹೇಳುತ್ತಿದ್ದರು: "ನಾಳೆ ಪುಟ್ಟು ಬರ್ತಾನೆ ಕಣೇ. ನನ್ನನ್ನ ಸ್ವಲ್ಪ ಮನುಷ್ಯನ ಹಾಗೆ ಮಾಡು."

ಮಾಡುತ್ತಿದ್ದೆ. ನೀನು ಬಾಯಿಪಾಠ ಮಾಡಿಕೊಂಡದ್ದು ಆ ಮುಖ. ಸೋಮವಾರದ್ದನ್ನು ನೀನು ನೋಡಿಲ್ಲ. ನೋಡಿದ್ದರೆ ಆ ಹುಡುಗನಿಗೆ ಹಚ್ಚುತ್ತಿರಲಿಲ್ಲ.

ಮತ್ತೆ ಆ ಕೈ. ಬಟ್ಟೆಯ ಸುಕ್ಕು ಸವರುತ್ತಾನಲ್ಲ, ಇಡೀ ಚಿತ್ರಮಂದಿರ ಬಿಕ್ಕಿತು. ನಿಮ್ಮಣ್ಣ ಸುಕ್ಕು ತೆಗೆಯುತ್ತಿರಲಿಲ್ಲ, ಪುಟ್ಟು. ಹಾಸಿಗೆಯಡಿ ಬಚ್ಚಿಟ್ಟ ಬಾಟಲಿ ಹುಡುಕುತ್ತಿದ್ದರು. ನಾನು ಯಾವಾಗಲೋ ತೆಗೆದುಹಾಕಿದ್ದೆ. ಆದರೂ ಹುಡುಕುತ್ತಿದ್ದರು.

ಆ ಕಥೆಯಲ್ಲಿ ಅವನಿಗೊಬ್ಬ ಹೆಂಡತಿ ಇದ್ದಾಳೆ. ಎರಡು ಸಲ ಬರುತ್ತಾಳೆ. ಒಮ್ಮೆ ನೀರು ತರುತ್ತಾಳೆ, ಒಮ್ಮೆ ಕಿಟಕಿ ಮುಚ್ಚುತ್ತಾಳೆ. ಅವಳ ಹೆಸರೇನೆಂದು ಯಾರೂ ಕೂಗುವುದಿಲ್ಲ. ಅವಳು ಒಳಗೆ ಹೋದಮೇಲೆ ಏನು ಮಾಡುತ್ತಿದ್ದಳೆಂದು ಕ್ಯಾಮೆರಾ ಒಂದು ಸಲವಾದರೂ ತಿರುಗಿ ನೋಡೀತೆಂದು ಕಾದೆ. ಎಲ್ಲರೂ ದೋಣಿಯ ಹಿಂದೆ ಹೋದರು.

ನೀವಿಬ್ಬರೂ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿದೆ. ಬರೆಯಲು ಕೈ ಏಳುವುದಿಲ್ಲ. ಗುಬ್ಬಿಗೆ ನೀನು ಏನೂ ಬರೆಯಬೇಡ.

ಅತ್ತಿಗೆ

*

ಮಾರ್ಚ್ ೮

ಅತ್ತಿಗೆ,

ನಿಮ್ಮ ಕಾಗದ ಓದಿದ ದಿನ ಕೆಲಸಕ್ಕೆ ಹೋಗಲಿಲ್ಲ. ಏನು ಬರೆದರೂ ಸಣ್ಣದಾಗುತ್ತದೆ, ಅದಕ್ಕೆ ಬರೆಯುವುದಿಲ್ಲ.

ಈಗ ಬೇರೆಯ ಮಾತು. ಆ ಹುಡುಗನ ಸ್ಥಿತಿ ಚೆನ್ನಾಗಿಲ್ಲ. ಹೊಸದೊಂದು ಹಾಸ್ಯಚಿತ್ರಕ್ಕೆ ಸೇರಿದ್ದಾನೆ. ನನ್ನನ್ನೇ ಮೇಕಪ್‌ಗೆ ಕರೆಸಿಕೊಂಡ. ಕುರ್ಚಿಯಲ್ಲಿ ಕೂತರೆ ಕೈ ತಾನಾಗಿ ಪ್ಯಾಂಟಿನ ಮಡಿಕೆ ಸವರುತ್ತದೆ. ಊಟ ಬಿಟ್ಟಿದ್ದಾನೆ, ಕೆನ್ನೆ ನಿಜವಾಗಿಯೇ ಒಳಗೆ ಹೋಗಿದೆ. ಈಗ ನಾನು ತಗ್ಗು ತುಂಬಬೇಕು. ಮೊನ್ನೆ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ, "ನೀವು ಅವರನ್ನ ಪೂರ್ತಿ ಒರೆಸಿಲ್ಲ" ಎಂದ.

"ನನಗೆ ಅವರು ಸಾಯೋದು ಮಾತ್ರ ಗೊತ್ತು. ಬದುಕಿದ್ದು ಗೊತ್ತಿಲ್ಲ. ಅದಕ್ಕೇ ನನ್ನನ್ನ ಬಿಡ್ತಿಲ್ಲ" ಎನ್ನುತ್ತಾನೆ. ನಿಮ್ಮನ್ನು ನೋಡಬೇಕಂತೆ. ನಾನು ತಪ್ಪು ಮಾಡಿದೆನೋ ಏನೋ, ವಿಳಾಸ ಕೊಟ್ಟೆ. ನನಗೆ ಇಲ್ಲಿಂದ ಬಿಡುವಿಲ್ಲ, ಒಬ್ಬನೇ ಬರುತ್ತಾನೆ. ನಿಮಗೆ ಇಷ್ಟವಿಲ್ಲದಿದ್ದರೆ ಬಾಗಿಲಿಂದಲೇ ಕಳಿಸಿಬಿಡಿ, ಬೇಸರ ಮಾಡಿಕೊಳ್ಳುವವನಲ್ಲ.

ಪುಟ್ಟು

*

ಮಾರ್ಚ್ ೨೯

ಪುಟ್ಟು,

ಬಂದಿದ್ದ.

ಅಂಗಡಿಗೆ ವಾರದ ರಜೆ, ನಾನು ಮನೆಯಲ್ಲಿದ್ದೆ. ಬಾಗಿಲು ತೆರೆದರೆ ಯಾರೋ ಬಡಕಲು ಹುಡುಗ, ಗುರುತೇ ಸಿಗಲಿಲ್ಲ. ಒಳಗಿಂದ ಬಂದ ಗುಬ್ಬಿ ಗೋಡೆ ಹಿಡಿದುಕೊಂಡಳು. ಆಗ ತಿಳಿಯಿತು.

ಕಳಿಸಿಬಿಡೋಣವೆಂದೇ ಇದ್ದೆ. ಅವನು ಹೊಸ್ತಿಲಾಚೆ ನಿಂತು ಚಪ್ಪಲಿ ಬಿಡಲೋ ಬೇಡವೋ ಎಂದು ನೋಡುತ್ತಿದ್ದ. ಹೊಟ್ಟೆಗಿಲ್ಲದವನ ಮುಖ ನನಗೆ ಗೊತ್ತು. ಕೂರಿಸಿ ಊಟಕ್ಕಿಟ್ಟೆ. ಅವನ ಉರ್ದು, ನನ್ನ ಅರೆಬರೆ. ಚಿತ್ರ ನೋಡಿ ನೋಡಿ ಉರ್ದು ಪಳಗಿಸಿಕೊಂಡ ಗುಬ್ಬಿ ನಡುವೆ ಕೂತಳು. ನನ್ನ ಹತ್ತಿರ ಮಾತು ಬಿಟ್ಟವಳು ನನ್ನ ಮಾತನ್ನೇ ಇನ್ನೊಬ್ಬನಿಗೆ ಹೇಳಬೇಕಾಯಿತು.

"ಅವರು ಚೆನ್ನಾಗಿದ್ದಾಗ ಹೇಗಿದ್ದರು?" ಅವನ ಮೊದಲ ಪ್ರಶ್ನೆ.

ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದೆ. ಆಮೇಲೆ ಕಾರು ನೆನಪಾಯಿತು. ನಿನಗೆ ಗೊತ್ತಲ್ಲ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವಾಗ ನಿಮ್ಮಣ್ಣನ ಮಾತಿನ ಚೇಷ್ಟೆ. ಮದುವೆಯಾದ ಹೊಸದರಲ್ಲಿ ನನಗೂ ಕಲಿಸಿದರು. ಮೂರನೆಯ ದಿನವೋ ಏನೋ ನಾನು ಹೋಗಿ ತರಕಾರಿ ಗಾಡಿಗೆ ಗುದ್ದಿದೆ. ರಸ್ತೆ ತುಂಬ ಟೊಮೇಟೊ. ಜನ ಸೇರಿದರು. ಇವರು ಇಳಿದು, ಅಂಗಿ ಸರಿಮಾಡಿಕೊಂಡು, ಎಲ್ಲರಿಗೂ ಕೈ ಮುಗಿದು, "ಇವರು ನನ್ನ ಶಿಷ್ಯರಲ್ಲೆಲ್ಲ ಬುದ್ಧಿವಂತರು. ಉಳಿದವರನ್ನ ನೀವು ನೋಡಬೇಕು!" ಎಂದರು. ತರಕಾರಿಯವನೇ ನಕ್ಕುಬಿಟ್ಟ. ಅವನ ಜೊತೆ ರಸ್ತೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಟೊಮೇಟೊ ಆರಿಸಿದರು.

ಗುಬ್ಬಿ ಹೇಳುತ್ತಾ ಹೇಳುತ್ತಾ ನಕ್ಕಳು. ಹುಡುಗ ನಕ್ಕ. ಅನ್ನ ಇನ್ನಷ್ಟು ಹಾಕಿಸಿಕೊಂಡ.

ಆಮೇಲೆ ತನ್ನ ಕೈ ಮುಂದೆ ಚಾಚಿ, "ಇದು ನಿಲ್ಲೋದಿಲ್ಲ" ಎಂದ. ಊಟದ ಮೇಜಿನ ಬಟ್ಟೆಯ ಮೇಲೆ ಬೆರಳು ಓಡುತ್ತಲೇ ಇತ್ತು. ನನಗೆ ನೋಡಲಾಗಲಿಲ್ಲ. ಆ ಕೈಯನ್ನು ಹಿಡಿದು ನಿಲ್ಲಿಸಿದೆ. "ಅವನಿಗೆ ಹೇಳು ಗುಬ್ಬಿ. ಅವರು ಬಾಟಲಿ ಹುಡುಕ್ತಿದ್ರು. ನೀನು ಕುಡಿಯೋದಿಲ್ಲ ತಾನೆ? ಹಾಗಾದ್ರೆ ನಿನ್ನ ಕೈಗೆ ಅಲ್ಲಿ ಸಿಗೋದು ಏನೂ ಇಲ್ಲ."

ಗುಬ್ಬಿ ನನ್ನ ಮುಖ ನೋಡಿದಳು. "ಬಾಟಲೀನಾ?" ಎಂದಳು ಕನ್ನಡದಲ್ಲೇ. ಹೌದು, ಹೇಳು ಎಂದೆ. ಹೇಳಿದಳು. ಹುಡುಗ ಕೈ ಬಿಡಿಸಿಕೊಂಡು ಅಂಗೈ ನೋಡಿಕೊಂಡ. ಆಮೇಲೆ, ನೀವಿಬ್ಬರೂ ಕೇಳಿದ್ದನ್ನೇ ಅವನೂ ಕೇಳಿದ: ಅವರು ಯಾರಿಗಾಗಿ ಸತ್ತರು?

"ಯಾರಿಗಾಗಿಯೂ ಅಲ್ಲ" ಎಂದೆ.

ಗುಬ್ಬಿ ಅದನ್ನು ಉರ್ದುವಿನಲ್ಲಿ ಹೇಳಲಿಲ್ಲ. "ಹಾಗಾದ್ರೆ ಯಾಕಮ್ಮಾ ಕುಡೀತಿದ್ರು?" ಎಂದು ನನ್ನನ್ನು ಕೇಳಿದಳು. ಎಷ್ಟು ತಿಂಗಳಾದಮೇಲೆ ಬಂದ ಅಮ್ಮಾ ಅದು.

"ನನಗೆ ಗೊತ್ತಿಲ್ಲ ಮಗಳೇ. ಕೇಳಿದ್ದೆ. ಜಗಳ ಆಡಿ ಕೇಳಿದ್ದೆ, ಅತ್ತು ಕೇಳಿದ್ದೆ, ಅವರ ತಲೆ ತೊಡೆ ಮೇಲಿಟ್ಕೊಂಡು ಕೇಳಿದ್ದೆ. 'ನನಗೂ ಗೊತ್ತಿಲ್ಲ ಕಣೇ. ಗೊತ್ತಿದ್ರೆ ಮೊದಲು ನಿನಗೇ ಹೇಳ್ತಿದ್ದೆ' ಅಂದ್ರು. ಒಬ್ಬಳು ಇದ್ದಿದ್ರೆ ಚೆನ್ನಾಗಿತ್ತು. ಹೋಗಿ ಅವಳ ಕೈಕಾಲು ಹಿಡಿದು ಕರ್ಕೊಂಡು ಬರ್ತಿದ್ದೆ."

ಪುಟ್ಟು, ನಾನು ಅಳಲಿಲ್ಲವೆಂದು ಅವಳು ಬರೆದಿದ್ದಳಲ್ಲ. ಆಗ ಅತ್ತೆ. ಹೊರಗಿನ ಹುಡುಗನ ಎದುರಿಗೆ, ಕೈಯಲ್ಲಿ ಅನ್ನದ ಸೌಟು ಹಿಡಿದುಕೊಂಡು. ಗುಬ್ಬಿ ಎದ್ದು ಬಂದು ನನ್ನ ಬೆನ್ನಿನ ಮೇಲೆ ಕೈಯಿಟ್ಟಳು. ಆಮೇಲೆ ಅವನ ಕಡೆ ತಿರುಗಿ, ನಾನು ಹೇಳಿದ್ದಷ್ಟನ್ನೂ, ಒಂದೂ ಬಿಡದೆ, ಉರ್ದುವಿನಲ್ಲಿ ಹೇಳಿದಳು. ಅವಳ ಬಾಯಲ್ಲಿ ಕೇಳುವಾಗ ಅದು ಯಾರೋ ದೊಡ್ಡ ಹೆಂಗಸಿನ ಮಾತಿನ ಹಾಗಿತ್ತು.

ಹುಡುಗ ಸಂಜೆಯ ಬಸ್ಸಿಗೆ ಹೋದ. ಹೋಗುವಾಗ ಕೈ ಜೇಬಿನಲ್ಲಿತ್ತು. ಸರಿಹೋದನೋ ಇಲ್ಲವೋ ಹೇಳಲಾರೆ, ನೀನು ಕಣ್ಣಿಟ್ಟಿರು. ಅವನನ್ನು ಬಿಟ್ಟು ನಿಮ್ಮಣ್ಣ ನಮ್ಮ ಮನೆಗೆ ವಾಪಸು ಬಂದಿದ್ದಾರೆ ಎನಿಸುತ್ತದೆ ನನಗೆ. ಅವರು ಮಲಗಿದ್ದ ಕೋಣೆಯಲ್ಲಿ ಒಂದೊಂದು ಸಲ ಕೆಮ್ಮು ಕೇಳಿದಂತಾಗುತ್ತದೆ. ಮೊದಲು ಬೆಚ್ಚುತ್ತಿದ್ದೆ. ಈಗ ಕೈಯಲ್ಲಿದ್ದ ಕೆಲಸ ಮುಂದುವರಿಸುತ್ತೇನೆ. ಅವರ ಮನೆ, ಇದ್ದುಕೊಳ್ಳಲಿ.

ಬರೆಯಲು ಕೂತದ್ದು ಇದಕ್ಕಲ್ಲ. ನಿನ್ನೆ ಬೆಳಿಗ್ಗೆ ನಾನು ಅಂಗಡಿಗೆ ಹೊರಡುತ್ತಿದ್ದೆ. ಗುಬ್ಬಿ ಕಾಫಿ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದಳು. "ಅಮ್ಮಾ, ನಿನಗೆ ಕಾರು ಓಡಿಸೋಕೆ ಬರ್ತಿತ್ತಾ?" ಎಂದಳು. ಬರುತ್ತಿತ್ತು, ಆಮೇಲೆ ಚೆನ್ನಾಗಿಯೇ ಓಡಿಸುತ್ತಿದ್ದೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಪರಿಚಯವಿಲ್ಲದವರನ್ನು ನೋಡುವ ಹಾಗೆ.

"ಆಗ ನೀನು ಹೇಗಿದ್ದೆ?"

ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ, ಪುಟ್ಟು. ಹೆಗಲಿನ ಚೀಲ ಕೆಳಗಿಟ್ಟು ಕೂತೆ. ಅಂಗಡಿಗೆ ಹೋಗುವುದು ತಡವಾಯಿತು, ಯಜಮಾನರು ಮುಖ ಊದಿಸಿಕೊಂಡರು. ಸಂಜೆ ಬಂದು ಮತ್ತೆ ಶುರು ಮಾಡಿದೆ. ಇನ್ನೂ ಮುಗಿದಿಲ್ಲ.

ಅತ್ತಿಗೆ